ಸಿಎಂಡಿ ಬೇಕಾದ ಫೋಲ್ಡರಿನಲ್ಲಿ ತೆರೆಯಲಿ, ರಿಜಿಸ್ಟ್ರಿಗೆ ಕೈ ಹಾಕಬೇಡಿ

ಪ್ರಶ್ನೆ: ಕಮಾಂಡ್ ಪ್ರಾಂಪ್ಟ್ (ಸಿಎಂಡಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ) ಯಾವಾಗಲೂ ಸಿ ಡ್ರೈವಿನಲ್ಲಿ ನನ್ನ ಹೆಸರಿನ ಫೋಲ್ಡರಿನಲ್ಲೇ ತೆರೆಯುತ್ತದೆ. ನನ್ನ ಕೆಲಸವೆಲ್ಲ ಡಿ ಡ್ರೈವಿನಲ್ಲಿದೆ. ಒಂದು ವಿಡಿಯೊ ನೋಡಿ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಆಟೋರನ್ ಹಾಕಿ, ಅದರಲ್ಲಿ ಡಿ ಡ್ರೈವಿನ ಫೋಲ್ಡರಿಗೆ ಹೋಗುವ ಕಮಾಂಡ್ ಬರೆದೆ. ಪ್ರಾಂಪ್ಟ್ ಸರಿಹೋಯಿತು. ಆದರೆ ಬ್ಯಾಚ್ ಫೈಲುಗಳು (ಸಾಲಾಗಿ ಓಡಬೇಕಾದ ಕಮಾಂಡ್‌ಗಳನ್ನು ಬರೆದಿಟ್ಟ ಫೈಲುಗಳು) ಏನೇನೋ ಮಾಡುತ್ತಿವೆ. ಯಾಕೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಒಬ್ಬರಿಗೆ ಬ್ಯಾಕಪ್ ಆಗುತ್ತಿಲ್ಲ, ಇನ್ನೊಬ್ಬರಿಗೆ ಫೈಲ್ ಸಿಗುತ್ತಿಲ್ಲ. ಕೆದಕಿ ನೋಡಿದರೆ ಎಲ್ಲದರ ಹಿಂದೆ ಅದೇ ಆಟೋರನ್.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಯಾವ ಫೋಲ್ಡರಿನಲ್ಲಿ ಶುರುವಾಗಬೇಕು ಎಂಬ ಸೆಟ್ಟಿಂಗ್ ಸಿಎಂಡಿಗೆ ಇಲ್ಲವೇ ಇಲ್ಲ. ಅದನ್ನು ತೆರೆದವರು ಯಾವ ಫೋಲ್ಡರ್ ಕೊಡುತ್ತಾರೋ ಅಲ್ಲಿ ಅದು ನಿಲ್ಲುತ್ತದೆ. ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್ ನಿಮ್ಮ ಹೋಮ್ ಫೋಲ್ಡರ್ ಕೊಡುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ಬರುವ ರನ್ ಬಾಕ್ಸಿನಿಂದ ತೆರೆದರೂ ಅದೇ. ಎಕ್ಸ್‌ಪ್ಲೋರರ್‌ನಿಂದ ತೆರೆದರೆ ಅಲ್ಲಿ ಕಾಣುತ್ತಿರುವ ಫೋಲ್ಡರ್ ಬರುತ್ತದೆ. ‘ಶಾರ್ಟ್‌ಕಟ್ ಬದಲಿಸಿದೆ, ರನ್ ಬಾಕ್ಸಿನಿಂದ ತೆರೆದರೆ ಹಳೆಯದೇ ಬರುತ್ತೆ’ ಎಂದು ಬರೆದವರಿಗೂ ಇದೇ ಉತ್ತರ. ನೀವು ಬದಲಿಸಿದ್ದು ಒಂದು ದಾರಿ, ತೆರೆದಿದ್ದು ಇನ್ನೊಂದು ದಾರಿಯಲ್ಲಿ.

ಆಟೋರನ್ ಹಾಗಲ್ಲ. ಸಿಎಂಡಿ ಎಲ್ಲಿ, ಯಾರಿಂದ ಶುರುವಾದರೂ ಅದರಲ್ಲಿ ಬರೆದ ಕಮಾಂಡ್ ಮೊದಲು ಓಡುತ್ತದೆ. ಸಿಎಂಡಿಯನ್ನು ಶುರು ಮಾಡುವವರು ನೀವೊಬ್ಬರೇ ಅಲ್ಲ ಅಲ್ವಾ? ಬ್ಯಾಚ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಿಎಂಡಿ ಶುರುವಾಗುತ್ತದೆ. ಪೈಥಾನ್ ಪ್ರೋಗ್ರಾಂ ಶೆಲ್ ಮೂಲಕ ಒಂದು ಕಮಾಂಡ್ ಓಡಿಸಿದರೂ ಶುರುವಾಗುತ್ತದೆ. ಅವೆಲ್ಲವೂ ಈಗ ತಮ್ಮ ಜಾಗ ಬಿಟ್ಟು ನಿಮ್ಮ ಡಿ ಡ್ರೈವಿಗೆ ಹಾರುತ್ತವೆ.

ಒಂದು ಉದಾಹರಣೆ ನೋಡಿ. ಡಿ:\ಲೆಕ್ಕ ಫೋಲ್ಡರಿನಲ್ಲಿ ಒಂದು ಬ್ಯಾಚ್ ಫೈಲ್ ಇದೆ. ಬರೆದವರು ಜಾಣರು, ಮೊದಲ ಸಾಲಿನಲ್ಲೇ ತನ್ನ ಫೋಲ್ಡರಿಗೆ ಬಂದು ನಿಲ್ಲುವಂತೆ ಬರೆದಿದ್ದಾರೆ. ಮುಂದೆ ಡಿರ್ /ಬಿ (ಫೋಲ್ಡರಿನ ಫೈಲುಗಳ ಹೆಸರು ಪಟ್ಟಿ ಮಾಡುವ ಕಮಾಂಡ್) ಕೊಟ್ಟ ಹೆಸರುಗಳನ್ನು ಫಾರ್ /ಎಫ್ (ಪಟ್ಟಿಯ ಒಂದೊಂದು ಸಾಲಿಗೂ ಕೆಲಸ ಮಾಡಿಸುವ ಕಮಾಂಡ್) ಬಳಸಿ ಒಂದೊಂದಾಗಿ ಅಳಿಸಬೇಕು. ಆ ಡಿರ್ ಓಡಿಸಲು ಫಾರ್ /ಎಫ್ ಒಳಗೊಳಗೇ ಇನ್ನೊಂದು ಸಿಎಂಡಿ ಶುರು ಮಾಡುತ್ತದೆ. ಆಟೋರನ್ ಅದನ್ನು ನೀವು ಬರೆದಿಟ್ಟ ಫೋಲ್ಡರಿಗೆ, ಡಿ:\ಕೆಲಸ ಎಂದಿಟ್ಟುಕೊಳ್ಳಿ, ಎಳೆದೊಯ್ಯುತ್ತದೆ. ಹೆಸರುಗಳ ಪಟ್ಟಿ ‘ಕೆಲಸ’ದಿಂದ ಬರುತ್ತದೆ, ಅಳಿಸುವುದು ಮಾತ್ರ ‘ಲೆಕ್ಕ’ದಲ್ಲಿ. ಎರಡೂ ಕಡೆ ಒಂದೇ ಹೆಸರಿನ ಫೈಲ್ ಇದ್ದರೆ ಅದು ಹೋಯಿತು. ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ.

ಇಂಥ ಸಲಹೆಯನ್ನು ‘ಎರಡೇ ನಿಮಿಷದ ಟ್ರಿಕ್’ ಎಂದು ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇದರ ಪರಿಣಾಮ ಏನೆಂದು ಅವರು ಒಂದು ಮಾತೂ ಹೇಳುವುದಿಲ್ಲ.

ಈಗ ತೆಗೆಯುವುದು ಹೇಗೆ? ರಿಜಿಸ್ಟ್ರಿ ಎಡಿಟರಿನಲ್ಲಿ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಕಮಾಂಡ್ ಪ್ರೊಸೆಸರ್. ಅಲ್ಲಿ ಆಟೋರನ್ ಸಿಗುತ್ತದೆ. ಕಂಡ ತಕ್ಷಣ ಅಳಿಸಬೇಡಿ. ಒಳಗೆ ಏನಿದೆ ಎಂದು ಓದಿ. ಕೊಂಡಾ (ಪೈಥಾನ್ ಬಳಸುವವರ ಒಂದು ಸಾಫ್ಟ್‌ವೇರ್) ಥರದ ಕೆಲವು ಉಪಕರಣಗಳೂ ಅಲ್ಲಿ ತಮ್ಮ ಸಾಲು ಬರೆಯುತ್ತವೆ. ನೀವು ಸೇರಿಸಿದ ಭಾಗ ಮಾತ್ರ ತೆಗೆಯಿರಿ. ಅಲ್ಲಿ ತಪ್ಪು ಬರೆದು ಸಿಎಂಡಿ ತೆರೆದ ತಕ್ಷಣ ಮುಚ್ಚಿಕೊಳ್ಳುತ್ತಿದ್ದರೆ ರನ್ ಬಾಕ್ಸಿನಲ್ಲಿ ಸಿಎಂಡಿ /ಡಿ (cmd /d) ಎಂದು ಕೊಡಿ. ಆಗ ಆಟೋರನ್ ಓಡುವುದಿಲ್ಲ.

ಆಮೇಲೆ ಡೆಸ್ಕ್‌ಟಾಪಿನಲ್ಲಿ ಸಿಎಂಡಿಗೆ ಒಂದು ಹೊಸ ಶಾರ್ಟ್‌ಕಟ್ ಮಾಡಿ. ಪ್ರಾಪರ್ಟೀಸ್ ತೆರೆದು ‘ಸ್ಟಾರ್ಟ್ ಇನ್’ ಜಾಗದಲ್ಲಿ ನಿಮ್ಮ ಫೋಲ್ಡರ್ ಬರೆಯಿರಿ. ಅಷ್ಟೇ. ನಾಲ್ಕು ಪ್ರಾಜೆಕ್ಟ್ ಇದ್ದರೆ ನಾಲ್ಕು ಶಾರ್ಟ್‌ಕಟ್. ವಿಂಡೋಸ್ ಟರ್ಮಿನಲ್ ಬಳಸುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಪ್ರೊಫೈಲಿನೊಳಗೆ ‘ಸ್ಟಾರ್ಟಿಂಗ್ ಡೈರೆಕ್ಟರಿ’ ಇದೆ, ಅಲ್ಲಿ ಬದಲಿಸಿ.

ನಾನು ಜಾಸ್ತಿ ಬಳಸುವುದು ಇದ್ಯಾವುದೂ ಅಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಬೇಕಾದ ಫೋಲ್ಡರ್ ತೆರೆದು, ಮೇಲಿನ ಅಡ್ರೆಸ್ ಬಾರಿನಲ್ಲಿ ಸಿಎಂಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಎಂಟರ್ ಕೊಡುತ್ತೇನೆ. ಅದೇ ಫೋಲ್ಡರಿನಲ್ಲಿ ಪ್ರಾಂಪ್ಟ್ ತೆರೆಯುತ್ತದೆ. ಆಟೋರನ್ ಹಾಕಿಕೊಂಡವರಿಗೆ ಈ ಸೌಲಭ್ಯವೂ ಕೆಟ್ಟುಹೋಗಿರುತ್ತದೆ, ಗಮನಿಸಿ.

ಪ್ರಶ್ನೆ: ‘ಸ್ಟಾರ್ಟ್ ಇನ್’ ಬದಲಿಸಿದ್ದೇನೆ. ಆದರೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಸಿಸ್ಟಂ32 (ವಿಂಡೋಸ್‌ನ ಮುಖ್ಯ ಫೈಲುಗಳಿರುವ) ಫೋಲ್ಡರೇ ಬರುತ್ತದೆ.

ಉತ್ತರ: ಅಡ್ಮಿನ್ ಆಗಿ ತೆರೆದಾಗ ಆ ಜಾಗದಲ್ಲಿ ಬರೆದದ್ದನ್ನು ವಿಂಡೋಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಾರ್ಟ್‌ಕಟ್ಟಿನ ‘ಟಾರ್ಗೆಟ್’ ಜಾಗದಲ್ಲಿ ಸಿಎಂಡಿ ಆದ ಮೇಲೆ /ಕೆ ಸಿಡಿ /ಡಿ (/k cd /d; ಸಿಡಿ ಎಂದರೆ ಫೋಲ್ಡರ್ ಬದಲಿಸುವ ಕಮಾಂಡ್) ಸೇರಿಸಿ, ನಂತರ ಫೋಲ್ಡರಿನ ಪೂರ್ತಿ ವಿಳಾಸ ಬರೆದರೆ ಕೆಲಸ ಆಗುತ್ತದೆ. ಆದರೆ ಡೌನ್‌ಲೋಡ್ಸ್ ಫೋಲ್ಡರ್ ಮಾತ್ರ ಕೊಡಬೇಡಿ. ನೀವು ಒಂದು ಕಮಾಂಡ್ ಟೈಪ್ ಮಾಡಿದಾಗ ಸಿಎಂಡಿ ಆ ಹೆಸರಿನ ಪ್ರೋಗ್ರಾಂ ಅನ್ನು ಮೊದಲು ಹುಡುಕುವುದು ನಿಂತಿರುವ ಫೋಲ್ಡರಿನಲ್ಲಿ. ಪಿಂಗ್ ಎಂಬ ಹೆಸರಿನ ಕೆಟ್ಟ ಫೈಲ್ ಅಲ್ಲಿ ಬಂದು ಕೂತಿದ್ದರೆ ಅದೇ ಓಡುತ್ತದೆ, ಅದೂ ಅಡ್ಮಿನ್ ಅಧಿಕಾರದಲ್ಲಿ. ಹಾಗಂತ ಸಿಸ್ಟಂ32 ಒಳಗೆ ನಿಂತು ಡಿಲೀಟ್ ಕಮಾಂಡ್ ಕೊಡಲೂಬೇಡಿ. ನನ್ನನ್ನು ಕೇಳಿದರೆ, ಅಡ್ಮಿನ್ ಪ್ರಾಂಪ್ಟ್ ಬೇಕಾದಾಗ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಿ.

ಪ್ರಶ್ನೆ: ಸಿಡಿ ಡಿ:\ಕೆಲಸ ಎಂದು ಕೊಟ್ಟರೂ ಸಿ ಡ್ರೈವಿನಲ್ಲೇ ಇರುತ್ತದೆ.

ಉತ್ತರ: ಸಿಡಿ ನಂತರ /ಡಿ ಹಾಕಿ.

ಪ್ರಶ್ನೆ: ಹೋಂಪಾತ್ ವೇರಿಯಬಲ್ (ಹೋಮ್ ಫೋಲ್ಡರಿನ ವಿಳಾಸ ಇರುವ ಸೆಟ್ಟಿಂಗ್) ಅಥವಾ ರಿಜಿಸ್ಟ್ರಿಯಲ್ಲಿರುವ ಪ್ರೊಫೈಲ್ ಫೋಲ್ಡರಿನ ವಿಳಾಸವನ್ನೇ ಬದಲಿಸಿದರೆ ಶಾಶ್ವತ ಪರಿಹಾರ ಅಂತಾರೆ. ಮಾಡಲೇ?

ಉತ್ತರ: ಬೇಡ. ನಿಮ್ಮ ಪ್ರೊಫೈಲ್ ಎಲ್ಲಿದೆ ಎಂದು ವಿಂಡೋಸ್ ತಿಳಿಯುವುದೇ ಆ ವಿಳಾಸದಿಂದ. ಸುಮ್ನೆ ಬದಲಿಸಿದರೆ ಮುಂದಿನ ಸಲ ಲಾಗಿನ್ ಆದಾಗ ನಿಮ್ಮ ಡೆಸ್ಕ್‌ಟಾಪೇ ಕಾಣಿಸದೆ ಹೋಗಬಹುದು.

ಪ್ರಶ್ನೆ: ನೆಟ್‌ವರ್ಕ್ ಫೋಲ್ಡರಿನಲ್ಲಿ ಶುರು ಮಾಡಲು ಹೋದರೆ ವಿಂಡೋಸ್ ಫೋಲ್ಡರಿಗೆ ಬಂದು ನಿಲ್ಲುತ್ತದೆ.

ಉತ್ತರ: ಎರಡು ಬ್ಯಾಕ್‌ಸ್ಲ್ಯಾಶಿನಿಂದ (\\) ಶುರುವಾಗುವ ನೆಟ್‌ವರ್ಕ್ ವಿಳಾಸದಲ್ಲಿ ಸಿಎಂಡಿ ನಿಲ್ಲಲಾರದು. ಪುಶ್‌ಡಿ (pushd) ಕಮಾಂಡ್ ಬಳಸಿ. ಅದು ತಾನೇ ಒಂದು ಡ್ರೈವ್ ಅಕ್ಷರ ಕೊಟ್ಟು ಒಳಗೆ ಕರೆದೊಯ್ಯುತ್ತದೆ. ಕೆಲಸ ಮುಗಿದ ಮೇಲೆ ಪಾಪ್‌ಡಿ (popd) ಕೊಡಿ, ಇಲ್ಲದಿದ್ದರೆ ಆ ಡ್ರೈವ್ ಹಾಗೇ ಉಳಿದುಬಿಡುತ್ತದೆ.