ಟ್ರಂಕಿನ ಕೀಲಿಕೈ ಕಾಕು ಅವರ ಬಳಿ ಏಕಿದೆ?

ಬೆಳಗಾವಿಯ ಕ್ಯಾಂಪ್ ಭಾಗದಿಂದ ಓದುಗರೊಬ್ಬರು ಬರೆದಿರುವ ನಾಲ್ಕು ಪುಟಗಳ ಪತ್ರದಲ್ಲಿ ಮೂರು ಪುಟ ಅವರ ವೈನಿಯ (ಅಣ್ಣನ ಹೆಂಡತಿಯ) ಮೇಲಿನ ದೂರಿಗೇ ಮೀಸಲಾಗಿದೆ. ಸಂಗತಿ ಇಷ್ಟು. ಮದುವೆಯಾಗದೆ ಉಳಿದು, ಶಿಕ್ಷಕಿಯಾಗಿ ನಿವೃತ್ತರಾಗಿದ್ದ ಅವರ ಮಾವಶಿ (ತಾಯಿಯ ಸೋದರಿ) ಕಳೆದ ಮಾರ್ಚ್‌ನಲ್ಲಿ ತೀರಿಕೊಂಡರು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳು, ತಗಡಿನ ನಕ್ಷತ್ರಗಳು ಮತ್ತು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಮಣ್ಣಿನ ಗೊಂಬೆಗಳಿರುವ ಟ್ರಂಕನ್ನು, 'ಇದು ನಿನಗೇ' ಎಂದು ಹೇಳಿ ಬಿಟ್ಟುಹೋಗಿದ್ದಾರೆ. ಪುಣೆಯಲ್ಲಿರುವ ಅಣ್ಣನ ಹೆಂಡತಿ ಈಗ ಅದರಲ್ಲಿ ಅರ್ಧ ಕೇಳುತ್ತಿದ್ದಾರೆ. ಕೊಡಲು ಇವರಿಗೆ ಮನಸ್ಸಿಲ್ಲ, ಟ್ರಂಕನ್ನು ತೆರೆಯಲು ಧೈರ್ಯವೂ ಸಾಲದು. ಸಾವಿನ ಮನೆಯಲ್ಲಿ ಈ ವರ್ಷ ಮರ ನಿಲ್ಲಿಸಬಹುದೇ ಎಂಬುದು ಅವರ ಪ್ರಶ್ನೆ.

ನೀವು ಕೇಳಿದ ಪ್ರಶ್ನೆಗಿಂತ, ಮೂರನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಬಿಟ್ಟಿರುವ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: 'ಕೀಲಿಕೈ ಪಕ್ಕದ ಮನೆಯ ಕಾಕು ಹತ್ತಿರ ಇದೆ, ಪ್ರತಿ ವರ್ಷ ಅವರಿಬ್ಬರೇ ಮರ ಕಟ್ಟುತ್ತಿದ್ದರು.' ಹಣೆಗೆ ವಿಭೂತಿ ಧರಿಸುವ ಆ ಹಿರಿಯ ಹೆಣ್ಣುಮಗಳು, ಮಾವಶಿ ನಕ್ಷತ್ರ ಕಟ್ಟುವಾಗ ಕೆಳಗೆ ಸ್ಟೂಲು ಹಿಡಿದು ನಿಲ್ಲುತ್ತಿದ್ದರಂತೆ. ನೀವು ರಜೆಗೆ ಬರುವ ಹೊತ್ತಿಗೆ ಮರ ಸಿದ್ಧವಾಗಿರುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಯಾವ ಗುಂಡನ್ನು ಯಾರು ಕೊಟ್ಟರು, ಯಾವ ಗೊಂಬೆ ಯಾವ ವರ್ಷ ಒಡೆದು ಮತ್ತೆ ಅಂಟಿಸಿಕೊಂಡಿತು ಎಂಬುದು ನಿಮಗಾಗಲಿ ನಿಮ್ಮ ವೈನಿಗಾಗಲಿ ಗೊತ್ತಿರಲು ಹೇಗೆ ಸಾಧ್ಯ? ಜೀವಮಾನದ ಗೆಳತಿಯನ್ನು ಕಳೆದುಕೊಂಡ ಕಾಕು ಅವರನ್ನು, ಮಾರ್ಚ್‌ನಿಂದ ಈಚೆಗೆ ನಿಮ್ಮ ಮನೆಯವರು ಒಮ್ಮೆಯಾದರೂ ಹೋಗಿ ಮಾತನಾಡಿಸಿದ ಸುಳಿವು ಪತ್ರದಲ್ಲಿ ಎಲ್ಲಿಯೂ ಇಲ್ಲ.

ನಿಮ್ಮ ವೈನಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಕ್ಕಳಿಗೆ ಮನೆತನದ ನೆನಪೊಂದು ಇರಲಿ ಎಂದು ಕೇಳುವುದರಲ್ಲಿ ಅಪರಾಧವೇನಿದೆ? ಸಿಟ್ಟು ಬಂದದ್ದು ನಿಮ್ಮ ಅಣ್ಣನ ಮೇಲೆ. ಮಾವಶಿಯ ತೊಡೆಯ ಮೇಲೆ ಬೆಳೆದವರು ತಾವಾಗಿದ್ದೂ, ಹೆಂಡತಿಯನ್ನು ಮುಂದೆ ಬಿಟ್ಟು ತಾವು ಮೌನವಾಗಿ ಕುಳಿತಿರುವುದು ಹೇಡಿತನವಲ್ಲದೆ ಮತ್ತೇನೂ ಅಲ್ಲ. ಬಂಗಾರದ ಪಾಟಲಿಯಿಂದ ಹಿಡಿದು ಹೊಲದ ಬಾವಿಯವರೆಗೆ ಈ ಅಂಕಣಕ್ಕೆ ಬಂದ ಪ್ರತಿ ಜಗಳಕ್ಕೂ ನಾನು ಹೇಳುತ್ತ ಬಂದಿರುವುದು ಒಂದೇ: ಸತ್ತವರ ವಸ್ತುವನ್ನು ವಾಟ್ಸಾಪ್‌ನಲ್ಲಿ ಪಾಲು ಮಾಡಬೇಡಿರಿ, ಅದರ ಕಥೆ ಬಲ್ಲವರನ್ನು ಮೊದಲು ಕೂಡಿಸಿ ಕೇಳಿರಿ.

ಇನ್ನು ಮರದ ಮಾತು. ಸಾವಾದ ವರ್ಷ ಮನೆಯಲ್ಲಿ ನೇವ್ರಿ, ದೋದೋಲ್ ಮುಂತಾದ ಕ್ರಿಸ್‌ಮಸ್ ಸಿಹಿತಿಂಡಿ ಮಾಡದೆ ನೆರೆಯವರು ಕಳುಹಿಸಿದ್ದನ್ನು ತಿನ್ನುವ ರೂಢಿ ನಿಮ್ಮ ಕಡೆ ಅನೇಕ ಮನೆಗಳಲ್ಲಿದೆ. ಮರವನ್ನು ನಿಲ್ಲಿಸುವುದೂ ಬಿಡುವುದೂ ನಿಮ್ಮ ಮನಸ್ಸಿಗೆ ಸೇರಿದ್ದು. ಟ್ರಂಕನ್ನು ಮಾತ್ರ ಹಾಗೆಯೇ ಮುಚ್ಚಿಡುವಂತಿಲ್ಲ, ಏಕೆಂದರೆ ಅದರ ಮೇಲೆ ಬೆಳಗಾವಿಯ ಒಂದು ಪೂರ್ತಿ ಮಳೆಗಾಲ ಕಳೆದಿದೆ. 19ನೆಯ ಶತಮಾನದಲ್ಲಿ ಜರ್ಮನಿಯ ಲೌಶಾ ಊರಿನ ಗಾಜುಗಾರರು ರೂಢಿಗೆ ತಂದ ಈ ಊದಿದ ಗುಂಡುಗಳು ಮೊಟ್ಟೆಯ ಸಿಪ್ಪೆಯಂತೆ ತೆಳುವಾಗಿರುತ್ತವೆ. ಹಳೆಯ ಗುಂಡುಗಳ ಹೊಳಪು ಒಳಗೋಡೆಗೆ ಹಚ್ಚಿದ ಬೆಳ್ಳಿಯ ಲೇಪದ್ದು, ಬಣ್ಣ ಹೊರಮೈಯದ್ದು. ತೇವ ಹಿಡಿದರೆ ಲೇಪ ಕಪ್ಪಾಗುತ್ತದೆ, ತಂತಿಯ ಕೊಂಡಿ ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಕೈಗೆ ಬರುತ್ತದೆ. ಒಣ ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿ, ದಿನಪತ್ರಿಕೆಯಲ್ಲಿ ಸುತ್ತುವ ಬದಲು ಒಗೆದು ಹಳತಾದ ಧೋತರದ ತುಂಡುಗಳಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿಡಿರಿ. ಹಂಚಿನ ಕೆಳಗಿನ ಅಟ್ಟದಲ್ಲಿ ಮಾತ್ರ ಇಡಬೇಡಿರಿ.

ನೀವು ಮಾಡಬೇಕಾದದ್ದು ಒಂದೇ. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಮಾವಶಿಯ ಸಮಾಧಿಗೆ ಹೂವಿಟ್ಟು ನೇರವಾಗಿ ಕಾಕು ಅವರ ಮನೆಗೆ ಹೋಗಿ, ಟ್ರಂಕನ್ನು ಅವರ ಕೈಯಿಂದಲೇ ತೆರೆಸಿರಿ. ಒಂದೊಂದು ವಸ್ತುವನ್ನು ಎತ್ತಿದಾಗ ಅವರು ಹೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿರಿ. ಅಣ್ಣನಿಗೆ ನೀವೇ ಫೋನ್ ಮಾಡಿ ಅಂದು ಬರಲು ಹೇಳಿರಿ. ಬಾರದಿದ್ದರೆ ಅವರಿಗೆ ಪಾಲಿಲ್ಲ. ವೈನಿ ಬಂದರೆ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಹಂಚುವ ಮಾತು ಬಂದಾಗ ಮೊದಲನೆಯದನ್ನು ಕಾಕು ಆರಿಸಿಕೊಳ್ಳಲಿ, ಆಮೇಲೆ ನೀವು.