ದಿಂಬಿನ ಕೆಳಗಿನ ಫೋನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರ ವಯಸ್ಸು 35ರ ಆಸುಪಾಸು. ಒಂದು ಸಹಕಾರ ಸಂಘದ ಸರ್ವರ್‌ಗಳನ್ನು, ಅಂದರೆ ಡೇಟಾ ಇರುವ ಮುಖ್ಯ ಕಂಪ್ಯೂಟರ್‌ಗಳನ್ನು, ಒಬ್ಬರೇ ನೋಡಿಕೊಳ್ಳುತ್ತಾರೆ. ಕೂತ ತಕ್ಷಣ ಕೇಳಿದ್ದು, "ಮೇಡಂ, ನಿದ್ದೆಗೆ ಮಾತ್ರೆ ಕೊಡ್ತೀರಾ?" ಮಾತ್ರೆ ಬರೆಯುವುದು ಡಾಕ್ಟರ ಕೆಲಸ, ಮೊದಲು ಮಾತಾಡೋಣ ಅಂದೆ.

ಫೋನ್ ದಿಂಬಿನ ಕೆಳಗೇ ಇರುತ್ತದೆ. ರಾತ್ರಿಯಿಡೀ ಅಲರ್ಟ್, ಸರ್ವರ್‌ಗಳು ತಾವಾಗಿಯೇ ಕಳಿಸುವ ಎಚ್ಚರಿಕೆ ಸಂದೇಶ. ಬಾರದಿದ್ದರೂ ಬಂದ ಹಾಗೆ ಕೇಳಿಸುತ್ತದೆ. ಹೆಂಡತಿ ಮಗುವನ್ನು ಕರೆದುಕೊಂಡು ಪಕ್ಕದ ರೂಮಿಗೆ ಹೋಗಿ ತಿಂಗಳಾಗಿದೆ.

ಒಂದು ವಾರ ಪ್ರತಿ ಅಲರ್ಟನ್ನೂ, ಎದ್ದು ಏನು ಮಾಡಿದಿರಿ ಅನ್ನುವುದನ್ನೂ ಬರೆದಿಡಿ ಅಂದೆ. ಬಂದದ್ದು 41. ಕೈ ಹಾಕಲೇಬೇಕಾಗಿದ್ದು 2. ಉಳಿದವು 'ಡಿಸ್ಕ್ 80 ಪರ್ಸೆಂಟ್ ತುಂಬಿದೆ' ತರಹದವು. ಅವನ್ನು ಬೆಳಿಗ್ಗೆ ನೋಡುವ ಮೇಲ್‌ಗೆ ತಿರುಗಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ, ನನ್ನದೇ ತಪ್ಪು. ಅಲರ್ಟ್ ಕಡಿಮೆಯಾದವು, ಭಯ ಹಾಗೇ ಇತ್ತು.

"ನಿಜವಾಗಿ ಯಾವುದಕ್ಕೆ ಹೆದರುತ್ತೀರಿ?"

ತುಂಬಾ ಹೊತ್ತು ಸುಮ್ಮನಿದ್ದರು. "ಡೇಟಾದ ಇನ್ನೊಂದು ಪ್ರತಿ, ಬ್ಯಾಕಪ್, ದಿನಾ ಆಗುತ್ತೆ ಮೇಡಂ. ಆದರೆ ಅದರಿಂದ ಡೇಟಾ ವಾಪಸ್ ತೆಗೆದು ನೋಡೇ ಇಲ್ಲ."

ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಅನ್ನುವ ಕಂಪನಿಯಲ್ಲಿ 2017ರ ಜನವರಿ 31ರಂದು ನಡೆದ ಕಥೆ ಹೇಳಿದ್ದೂ ಅವರೇ. ತಡರಾತ್ರಿ ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ನಂಬಿದ್ದ ಬ್ಯಾಕಪ್‌ಗಳು ಕೈಕೊಟ್ಟವು. ಸುಮಾರು 6 ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿದ್ದು ಅದೃಷ್ಟ. ನಡೆದದ್ದನ್ನೆಲ್ಲ ಆ ಕಂಪನಿ ಬಹಿರಂಗವಾಗಿ ಬರೆದು ಹಾಕಿತು. "ನಮ್ಮಲ್ಲಿ ಹಾಗಾದ್ರೆ ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸ್ತಾರೆ" ಅಂದರು.

ಇಂಥ ಭಯಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಮೋಸವಾಗುತ್ತದೆ, ಅಲ್ವಾ? ಭಯ ಸರಿಯಾಗಿಯೇ ಇತ್ತು. ಹಾಗಾಗಿ ಎರಡು ಮಾತು ಹೇಳಿದೆ. ಭಾನುವಾರ ಹಗಲಲ್ಲಿ, ಬೇರೆ ಮಷೀನ್‌ನಲ್ಲಿ ಬ್ಯಾಕಪ್ ತೆರೆದು ನೋಡಿ. ಏನು ಬಂದರೂ ಮ್ಯಾನೇಜರ್‌ಗೆ ಬರೆದು ಕೊಟ್ಟು, ನೀವು ಕೆಲಸ ಕಲಿಸಬಹುದಾದ ಇನ್ನೊಬ್ಬರನ್ನು ಕೊಡಿ ಅಂತ ಕೇಳಿ. ನಿದ್ದೆ ಮೂರು ವಾರದಲ್ಲೂ ಸುಧಾರಿಸದಿದ್ದರೆ ಡಾಕ್ಟರನ್ನು ಕಾಣಲೂ ಹೇಳಿದೆ.

ತೆರೆಯಲು ಹೋದರೆ ಬ್ಯಾಕಪ್ ತೆರೆದುಕೊಳ್ಳಲೇ ಇಲ್ಲ. ಅದರ ಕೀ, ಅಂದರೆ ಅದನ್ನು ತೆರೆಯಲು ಬೇಕಾದ ಪಾಸ್‌ವರ್ಡ್ ತರಹದ ಸಂಕೇತ, ಇದ್ದದ್ದು ಅದೇ ಸರ್ವರ್‌ನಲ್ಲಿ! ಸರ್ವರ್ ಹೋಗಿದ್ದರೆ ಕೀ ಕೂಡ ಹೋಗುತ್ತಿತ್ತು. ಇದನ್ನು ಹೇಳುವಾಗ ಅವರು ನಗುತ್ತಿದ್ದರು. ನಾನು ಅವರ ನಗು ನೋಡಿದ್ದು ಅವತ್ತೇ. ಕೀಯ ಒಂದು ಪ್ರತಿ ಈಗ ಕಚೇರಿಯ ಬೀರುವಿನಲ್ಲಿದೆ. ಕಲಿಯಲು ಒಬ್ಬ ಹುಡುಗಿ ಬಂದಿದ್ದಾಳೆ, ಶನಿವಾರ ರಾತ್ರಿಯ ಫೋನ್ ಅವಳದು.

ಉಳಿದ ರಾತ್ರಿ ಫೋನ್ ಹಾಲ್‌ನಲ್ಲಿರುತ್ತದೆ. ಅವರು ಮಾತ್ರ ಇನ್ನೂ ನಡುರಾತ್ರಿ ಒಮ್ಮೆ ಎದ್ದು ಹೋಗಿ ನೋಡಿ ಬರುತ್ತಾರಂತೆ.