ಪ್ಯಾರಾದ ಮೊದಲಿನ ಜಾಗ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಗೆ ಬಂದ ಲೇಖನಗಳೆಲ್ಲ ವರ್ಡ್ ಫೈಲಿನಲ್ಲಿವೆ. ಮುಂಬಯಿ ದಾದರಿನ ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಕಟ್ಟುವವರು) ಪ್ಲೇನ್ ಟೆಕ್ಸ್ಟ್ ಮಾಡಿ ಕೊಡಿ ಎಂದಿದ್ದಾರೆ. ಹಾಗೆ ಸೇವ್ ಮಾಡಿದರೆ ಪ್ಯಾರಾಗಳ ಇಂಡೆಂಟ್, ಅಂದರೆ ಮೊದಲ ಸಾಲಿನ ಆರಂಭದ ಖಾಲಿ ಜಾಗ, ಮಾಯವಾಗುತ್ತದೆ. ವಿಚಿತ್ರ ಅಂದರೆ ಕೆಲವರ ಲೇಖನದಲ್ಲಿ ಅದು ಉಳಿದಿದೆ! ಒಂದು ನಾಟಕವೂ ಇದೆ, ಅದರ ಮಾತುಗಳೆಲ್ಲ ಕಲಸಿಹೋಗಿವೆ. ಏನು ಮಾಡಲಿ ಸಾರ್?
– ಓದುಗರು, ಡೊಂಬಿವಲಿ

ಉತ್ತರ: ಫೈಲ್ ಕೆಟ್ಟಿಲ್ಲ ಮಾರಾಯ್ರೇ, ಗಾಬರಿ ಬೇಡ.

ನಾನು ಮುಂಬಯಿಯ ಫೋರ್ಟಿನ ಪ್ರೆಸ್ಸಿನಲ್ಲಿ ಕೆಲಸ ಕಲಿತದ್ದು ಅಚ್ಚುಮೊಳೆಯ ಕಾಲದಲ್ಲಿ. ಆಗ ಪ್ಯಾರಾ ಶುರುವಾಗುವ ಕಡೆ ಕ್ವಾಡ್ ಎಂಬ ಅಕ್ಷರವಿಲ್ಲದ ಸೀಸದ ತುಂಡು ಇಡುತ್ತಿದ್ದೆವು. ಖಾಲಿ ಜಾಗಕ್ಕೂ ತೂಕವಿತ್ತು, ಕೈಯಲ್ಲಿ ಹಿಡಿಯಬಹುದಿತ್ತು. ವರ್ಡ್‌ನ ಇಂಡೆಂಟ್ ಹಾಗಲ್ಲ. 'ಈ ಪ್ಯಾರಾದ ಮೊದಲ ಸಾಲನ್ನು ಇಷ್ಟು ಒಳಗೆ ತೋರಿಸು' ಎಂಬ ಸೂಚನೆ ಮಾತ್ರ ಫೈಲಿನಲ್ಲಿರುತ್ತದೆ. ಪ್ಲೇನ್ ಟೆಕ್ಸ್ಟಿನಲ್ಲಿ ಅಕ್ಷರ, ಸ್ಪೇಸ್, ಟ್ಯಾಬ್, ಸಾಲಿನ ಕೊನೆ ಇಂಥವಕ್ಕೆ ಮಾತ್ರ ಜಾಗ. ಸೂಚನೆಗಳೆಲ್ಲ ಬಿದ್ದುಹೋಗುತ್ತವೆ. ಬೋಲ್ಡ್, ಇಟಾಲಿಕ್ ಹೋಗುವುದೂ ಇದೇ ಕಾರಣಕ್ಕೆ.

ಹಾಗಾದರೆ ಕೆಲವರದು ಉಳಿದದ್ದು ಹೇಗೆ? ಅವರು ಟ್ಯಾಬ್ ಕೀಲಿಯನ್ನೋ ಸ್ಪೇಸ್ ಬಾರನ್ನೋ ಒತ್ತಿ ಜಾಗ ಬಿಟ್ಟಿದ್ದಾರೆ. ಅವು ನಿಜವಾದ ಅಕ್ಷರಗಳೇ, ಹಾಗಾಗಿ ದಾಟಿ ಬಂದಿವೆ. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ ನೋಡಿ. ಟ್ಯಾಬ್ ಇದ್ದಲ್ಲಿ ಬಾಣ, ಸ್ಪೇಸ್ ಇದ್ದಲ್ಲಿ ಚುಕ್ಕಿ ಕಾಣುತ್ತದೆ. ಏನೂ ಕಾಣದಿದ್ದರೂ ಸಾಲು ಒಳಗೆ ಸರಿದಿದ್ದರೆ ಅದು ಬರೀ ಸೂಚನೆ. ಇಲ್ಲೊಂದು ತರಲೆಯೂ ಇದೆ. ಟೈಪ್ ಮಾಡಿ ಮುಗಿದ ಪ್ಯಾರಾದ ಮೊದಲಿಗೆ ಹೋಗಿ ಟ್ಯಾಬ್ ಒತ್ತಿದರೆ, ವರ್ಡ್ ಅದನ್ನು ತಾನಾಗಿ ಇಂಡೆಂಟ್ ಮಾಡಿಬಿಡುವುದುಂಟು. ಲೇಖಕರು 'ನಾನು ಟ್ಯಾಬೇ ಒತ್ತಿದ್ದು' ಅಂದರೆ ಅವರ ಮೇಲೆ ಸುಮ್ನೆ ಸಿಟ್ಟಾಗಬೇಡಿ.

ಈಗ ಉಪಾಯ. ಮೊದಲು ಫೈಲಿನ ಪ್ರತಿ ಮಾಡಿಕೊಳ್ಳಿ. ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಹುಡುಕಿ ಬದಲಿಸುವ ಪೆಟ್ಟಿಗೆ ಬರುತ್ತದೆ. ಮೇಲಿನ ಖಾನೆಯಲ್ಲಿ ^ಪಿ, ಕೆಳಗಿನದರಲ್ಲಿ ^ಪಿ^ಟಿ ಹಾಕಿ. ಪಿ, ಟಿ ಎರಡೂ ಇಂಗ್ಲಿಷಿನ ಸಣ್ಣಕ್ಷರ ಆಗಬೇಕು, ^ ಚಿಹ್ನೆ 6ರ ಮೇಲಿದೆ. ರಿಪ್ಲೇಸ್ ಆಲ್ ಕೊಟ್ಟರೆ ಪ್ರತಿ ಪ್ಯಾರಾ ಮುಗಿದ ಮೇಲೆ ಒಂದು ಟ್ಯಾಬ್ ಕೂರುತ್ತದೆ. ಮೊಟ್ಟಮೊದಲ ಪ್ಯಾರಾದ ಹಿಂದೆ ಏನೂ ಇಲ್ಲವಲ್ಲ, ಅದಕ್ಕೆ ಕೈಯಿಂದಲೇ ಹಾಕಿ, ಬಾಣ ಕಾಣದಿದ್ದರೆ ಬೇರೆ ಪ್ಯಾರಾದ ಟ್ಯಾಬನ್ನೇ ಕಾಪಿ ಮಾಡಿ ಅಂಟಿಸಿ. ಶೀರ್ಷಿಕೆ, ಕವನದ ಸಾಲುಗಳಿಗೂ ಟ್ಯಾಬ್ ಅಂಟಿಕೊಳ್ಳುತ್ತದೆ. ಹಾಗಾಗಿ ಗದ್ಯವನ್ನಷ್ಟೇ ಸೆಲೆಕ್ಟ್ ಮಾಡಿ ಬದಲಿಸಿ. ಉಳಿದ ಭಾಗದಲ್ಲೂ ಹುಡುಕಲೇ ಎಂದು ಕೇಳಿದರೆ 'ನೋ' ಅನ್ನಿ.

ಸೇವ್ ಮಾಡುವಾಗ ಬರುವ ಪೆಟ್ಟಿಗೆಯಲ್ಲಿ ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸುವ ಸಂಕೇತ ಪದ್ಧತಿ) ಆರಿಸಿ. ವಿಂಡೋಸ್ ಡೀಫಾಲ್ಟನ್ನೇ ಹಾಗೇ ಇಟ್ಟರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಸಿಗಬಹುದು. ಅಲ್ಲೇ 'ಇನ್ಸರ್ಟ್ ಲೈನ್ ಬ್ರೇಕ್ಸ್' ಎಂಬ ಗುರುತು ಇದೆ, ಅದನ್ನು ಮುಟ್ಟಲೇಬೇಡಿ. ಮುಟ್ಟಿದರೆ ಪ್ರತಿ ಸಾಲೂ ತುಂಡಾಗುತ್ತದೆ. ಪ್ಯಾರಾ ಎಲ್ಲಿ ಮುಗಿಯಿತೆಂದು ಡಿಟಿಪಿಯವರಿಗೆ ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದೆ. ಆದರೆ ಈ ಕೆಲಸಕ್ಕೆ ಕೂರುವ ಮುಂಚೆ ದಾದರಿಗೆ ಒಂದು ಫೋನ್ ಮಾಡಿ. ಪುಟ ಕಟ್ಟುವವರು ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಪ್ಯಾರಾಗೆ ತಮ್ಮದೇ ಇಂಡೆಂಟ್ ಕೊಡುತ್ತಾರೆ. ನಿಮ್ಮ ಟ್ಯಾಬ್‌ಗಳು ಅವರಿಗೆ ಕಸ, ಅಳಿಸಬೇಕಾದೀತು. ಕಥೆ, ಪ್ರಬಂಧಕ್ಕೆ ಪ್ಯಾರಾ ಮುಗಿದಲ್ಲಿ ಒಂದು ಎಂಟರ್ ಇದ್ದರೆ ಸಾಕು ಎಂದೇ ನನ್ನ ಅಭಿಪ್ರಾಯ. ಇಮೇಲಿನಲ್ಲಿ ಓದಲು ಕಳಿಸುವುದಾದರೆ ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು ಬಿಡಿ, ಅದು ಟ್ಯಾಬ್‌ಗಿಂತ ವಾಸಿ. ಟ್ಯಾಬ್‌ನ ಅಗಲ ಒಂದು ಕಡೆ ನಾಲ್ಕು ಅಕ್ಷರ, ಇನ್ನೊಂದು ಕಡೆ ಎಂಟು.

ನಾಟಕದ ಮಾತು ಬೇರೆ. ಯಾವ ಮಾತು ಯಾರದು ಎಂದು ಅಲ್ಲಿ ಜಾಗವೇ ಹೇಳಬೇಕು. ಪಾತ್ರದ ಹೆಸರು, ಆಮೇಲೆ ಒಂದೇ ಒಂದು ಟ್ಯಾಬ್, ಆಮೇಲೆ ಮಾತು. ರಂಗಸೂಚನೆಗಳನ್ನು ಕಂಸದೊಳಗೆ ಹಾಕಿ, ಇಟಾಲಿಕ್ ನಂಬಬೇಡಿ. ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸಿದ್ದರೆ ಅದನ್ನೆಲ್ಲ ತೆಗೆಯಿರಿ, ಫಾಂಟ್ ಬದಲಾದ ಕೂಡಲೇ ಅದು ಸೊಟ್ಟಗಾಗುತ್ತದೆ. ಜೊತೆಗೆ ಮೂಲ ಫೈಲಿನ ಪಿಡಿಎಫ್ ಕಳಿಸಿ, ಪುಟ ಹೇಗೆ ಕಾಣಬೇಕೆಂದು ಅವರು ನೋಡಿಕೊಳ್ಳಲಿ.

ಪ್ರಶ್ನೆ: ಹಳೆಯ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲನ್ನು ಪ್ಲೇನ್ ಟೆಕ್ಸ್ಟ್ ಮಾಡಿದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತಿದೆ.
– ಓದುಗರು, ಪುಣೆ

ಉತ್ತರ: ಅದು ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ) ಅಲ್ಲದ ಫೈಲ್. ಇಂಗ್ಲಿಷ್ ಸಂಕೇತಗಳಿಗೆ ಫಾಂಟ್ ಕನ್ನಡದ ಮುಖ ಕೊಟ್ಟಿತ್ತು, ಪ್ಲೇನ್ ಟೆಕ್ಸ್ಟಿನಲ್ಲಿ ಫಾಂಟ್ ಉಳಿಯುವುದಿಲ್ಲ. ಮೊದಲು ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಟೆಕ್ಸ್ಟ್ ಮಾಡಿ. ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ಓದಿ, ತಪ್ಪು ಜಾಸ್ತಿ ಸಿಗುವುದು ಅಲ್ಲೇ.